ಐದು ಜನ ಸೇರಬಾರದ ದಿನಗಳು

ಒಂದು ಜೀನ್ಸ್ ಪ್ಯಾಂಟನ್ನು ಒಬ್ಬರೇ ಹೊಲಿಯುವುದಿಲ್ಲ. ಈ ಮಾತು ಹೇಳಿದರೆ ನಮ್ಮ ಮಡಕಶಿರದ ಕಡೆ ಈಗಲೂ ಎಷ್ಟೋ ಜನ ನಂಬುವುದಿಲ್ಲ. ಊರಿನ ಟೈಲರು ತಾನೊಬ್ಬನೇ ಕೂತು ಅಳತೆ ತೆಗೆದು, ಕತ್ತರಿಸಿ, ಹೊಲಿದು, ಗುಂಡಿ ಹಚ್ಚಿ, ಹಬ್ಬ ಕಳೆದ ಮೇಲೆ ಕೈಗೆ ಕೊಡುವುದನ್ನು ನೋಡಿ ಬೆಳೆದವರು ಅವರು. ರಾಯದುರ್ಗದಲ್ಲಿ ಹಾಗಲ್ಲ. ಕಟಿಂಗ್ ಮಾಸ್ಟರು ಬಟ್ಟೆ ಕತ್ತರಿಸಿ ಕಟ್ಟು ಕಟ್ಟಿ ಕೊಟ್ಟರೆ ಒಬ್ಬರು ಹಿಂದಿನ ಜೇಬು, ಒಬ್ಬರು ಮುಂದಿನ ಜೇಬು, ಒಬ್ಬರು ಜಿಪ್ಪು, ಇನ್ನೊಬ್ಬರು ಎರಡು ಕಾಲು ಕೂಡಿಸುವುದು, ಮತ್ತೊಬ್ಬರು ಸೊಂಟದ ಪಟ್ಟಿ, ಆಮೇಲೆ ಕೆಳಗಿನ ಮಡಿಕೆ, ಕಾಜಾ, ಗುಂಡಿ, ಕೊನೆಗೆ ದಾರ ಕತ್ತರಿಸುವವರು. ನಾನು ಮದುವೆಯಾಗಿ ಆ ಊರಿಗೆ ಹೋದ ಹೊಸದರಲ್ಲಿ ಹಿಂದಿನ ಜೇಬಿಗೆ ಕೂತವಳು, ಕೆಲಸ ಬಿಡುವವರೆಗೂ ಹಿಂದಿನ ಜೇಬಿನಲ್ಲೇ ಉಳಿದೆ. ಜಿಪ್ಪು ಹಚ್ಚಲು ನನಗೆ ಇವತ್ತಿಗೂ ಬರುವುದಿಲ್ಲ. ದಾರಿಯಲ್ಲಿ ಯಾರಾದರೂ ಜೀನ್ಸ್ ಹಾಕಿಕೊಂಡು ಮುಂದೆ ನಡೆದು ಹೋದರೆ ನನ್ನ ಕಣ್ಣು ಎಲ್ಲಿಗೆ ಹೋಗುತ್ತದೆ ಎಂದು ನನ್ನ ಗಂಡ ಬಹಳ ವರ್ಷ ತಮಾಷೆ ಮಾಡುತ್ತಿದ್ದರು.

ಇಷ್ಟೆಲ್ಲ ಯಾಕೆ ಹೇಳಿದೆನೆಂದರೆ, ಒಂದು ವರ್ಷ ನಮ್ಮ ಊರಿನಲ್ಲಿ ನಾಲ್ಕು ಜನಕ್ಕಿಂತ ಹೆಚ್ಚು ಒಂದು ಕಡೆ ಸೇರಬಾರದು ಎಂದು ಸರ್ಕಾರ ಹೇಳಿತು. ನಾಲ್ಕು ಜನರಿಂದ ಒಂದು ಪ್ಯಾಂಟು ಆಗುವುದಿಲ್ಲ ಎಂಬುದು ಸರ್ಕಾರಕ್ಕೆ ಹೇಗೆ ಗೊತ್ತಾಗಬೇಕು?

ಅದು ಎಲ್ಲರ ಕೈಗೂ ದೊಡ್ಡ ಫೋನು ಬಂದಿದ್ದ ಕಾಲ. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಿಡಿಯೊಗಳು ದಿನಕ್ಕೊಂದು ಬರುತ್ತಿದ್ದವು. ಯಾವ ಊರಿನದೋ ಯಾವ ದೇಶದ್ದೋ, ನೋಡಿದವರಿಗೆ ಮಾತ್ರ ತಮ್ಮ ಬೀದಿಯದೇ ಎನ್ನಿಸುತ್ತಿತ್ತು. ಹೊರಗಿನಿಂದ ಬಂದವರು ಮಕ್ಕಳಿಗೆ ತಿಂಡಿ ಕೊಡುತ್ತಾರೆ, ಹೆಸರು ಕೇಳುತ್ತಾರೆ, ಮನೆ ವಿಚಾರಿಸುತ್ತಾರೆ, ಆಮೇಲೆ ಎತ್ತಿಕೊಂಡು ಹೋಗುತ್ತಾರೆ ಎಂದು ಒಂದು ಹೆಣ್ಣುದನಿ ತೆಲುಗಿನಲ್ಲಿ ಹೇಳುತ್ತಿತ್ತು. ಮಗು ಕಳೆದುಕೊಂಡವರು ಯಾರು ಎಂದು ನಮ್ಮ ಬೀದಿಯಲ್ಲಿ ಕೇಳಿದರೆ ಪಕ್ಕದ ಬೀದಿಯವರು ಎನ್ನುತ್ತಿದ್ದರು. ಪಕ್ಕದ ಬೀದಿಯಲ್ಲಿ ಕೇಳಿದರೆ ನಮ್ಮ ಕಡೆ ಬೆರಳು ತೋರಿಸುತ್ತಿದ್ದರು. ಕಳೆದುಹೋದ ಮಗು ಒಂದೂ ಇರಲಿಲ್ಲ. ಆದರೆ ಕಂಬಳಿ ಮಾರಲು ಬಂದಿದ್ದ ಒಬ್ಬ ಪರವೂರಿನವನನ್ನು ಊರಾಚೆ ಹಿಡಿದು ಹೊಡೆದದ್ದು ಮಾತ್ರ ನಿಜ. ಅವನು ಬದುಕಿದ್ದೇ ಪುಣ್ಯ. ಅದಾದ ಮೇಲೆ ಪೊಲೀಸರು ಎಚ್ಚೆತ್ತರು.

ಒಂದು ಬೆಳಿಗ್ಗೆ ಮೈಕು ಕಟ್ಟಿದ ಆಟೊ ಬಂದು ನೂರ ನಲವತ್ತನಾಲ್ಕನೇ ಸೆಕ್ಷನ್ ಹಾಕಿದೆ, ಐದು ಜನ ಸೇರಿದರೆ ಕೇಸು, ಗುರುತಿಲ್ಲದವರು ಕಂಡರೆ ಈ ನಂಬರಿಗೆ ಫೋನ್ ಮಾಡಿ ಎಂದು ಕೂಗಿಕೊಂಡು ಹೋಯಿತು. ನನಗೆ ಆಗ ಎರಡು ವರ್ಷದ ಮಗಳು. ಸದ್ಯ, ಸರ್ಕಾರಕ್ಕೆ ಬುದ್ಧಿ ಬಂತು ಎಂದು ಎಲ್ಲರಿಗಿಂತ ಜೋರಾಗಿ ಹೇಳಿದವಳು ನಾನೇ. ನಮ್ಮ ಮನೆಯ ಓನರಮ್ಮ ಆ ನಂಬರನ್ನು ತಮ್ಮ ಫೋನಿನಲ್ಲಿ ಮೊದಲನೆಯದಾಗಿ ಹಾಕಿಸಿಕೊಂಡರು, ಮಗನ ನಂಬರು ಎರಡನೆಯದಾಯಿತು. ಅವರು ಗಂಡನನ್ನು ಕಳೆದುಕೊಂಡ, ಬಾಯಿ ಜೋರಿನ, ಮನಸ್ಸು ಮೆತ್ತಗಿನ ಹೆಂಗಸು. ಹಿಂದಿನ ಕೋಣೆಯನ್ನು ನಮಗೆ ಬಾಡಿಗೆಗೆ ಕೊಟ್ಟು, ನಾನು ಹೊಲಿಗೆ ಯೂನಿಟ್ಟಿಗೆ ಹೋದಾಗ ಮಗಳನ್ನು ತಾವೇ ನೋಡಿಕೊಳ್ಳುತ್ತಿದ್ದರು. ಅವರ ಹೆದರಿಕೆಯ ಅರ್ಧಭಾಗ ನನ್ನ ಮಗಳ ಲೆಕ್ಕದ್ದು ಎಂಬುದನ್ನು ನಾನು ಮರೆಯುವ ಹಾಗಿಲ್ಲ.

ಯೂನಿಟ್ಟಿನ ಬಾಗಿಲು ಮುಚ್ಚಿತು. ಒಂದು ಹಾಲಿನಲ್ಲಿ ಸಾಲಾಗಿ ಕೂತು ಹೊಲಿಯುವ ನಾವೆಲ್ಲ ಮನೆಯಲ್ಲಿ ಕೂತು ಫೋನು ನೋಡಿ ಇನ್ನಷ್ಟು ಹೆದರಿದೆವು. ಕಟಿಂಗ್ ಮಾಸ್ಟರಿಗೆ ಮಾತ್ರ ಕೂತು ರೂಢಿಯಿಲ್ಲ. ಅವರು ಅರವತ್ತು ದಾಟಿದ, ಕಿವಿಯ ಹಿಂದೆ ಸೀಮೆಸುಣ್ಣ ಸಿಕ್ಕಿಸಿಕೊಂಡೇ ಊಟಕ್ಕೆ ಕೂರುವ ಮನುಷ್ಯ. ನಾಲ್ಕು ಜನ ಸೇರಬಹುದಲ್ಲ, ಹಾಗಾದರೆ ನಾಲ್ಕು ನಾಲ್ಕು ಜನ ಸೇರೋಣ ಎಂದರು. ತಳ್ಳುಗಾಡಿಯಲ್ಲಿ ಮಷೀನುಗಳು ನಮ್ಮ ಬೀದಿಯ ಮನೆಮನೆಗೆ ಬಂದವು. ಮೊದಲನೆಯದಾದ ನಮ್ಮ ಮನೆಯಲ್ಲಿ ಜೇಬು, ಎದುರು ಮನೆಯಲ್ಲಿ ಜಿಪ್ಪು, ಅದರಾಚೆ ಕಾಲು ಕೂಡಿಸುವವರು, ಬೀದಿಯ ತುದಿಗೆ ಕಾಜಾ. ಬೀದಿ ಎಷ್ಟು ಇಕ್ಕಟ್ಟೆಂದರೆ ಈ ಹೊಸ್ತಿಲಿನಿಂದ ಕಟ್ಟು ಎಸೆದರೆ ಆ ಹೊಸ್ತಿಲಿಗೆ ಬೀಳುತ್ತಿತ್ತು. ಪ್ಯಾಂಟು ಬೀದಿಯ ಒಂದು ತುದಿಯಲ್ಲಿ ಹುಟ್ಟಿ ಮನೆಯಿಂದ ಮನೆಗೆ ಹಾರುತ್ತ ಇನ್ನೊಂದು ತುದಿಗೆ ಮುಟ್ಟುವಷ್ಟರಲ್ಲಿ ಗುಂಡಿ ಹಚ್ಚಿಸಿಕೊಂಡು ಸಿದ್ಧವಾಗಿರುತ್ತಿತ್ತು. ಯೂನಿಟ್ಟಿನಲ್ಲಿ ಮಾತಾಡಿದರೆ ಸೂಪರ್‌ವೈಸರು ಗದರುತ್ತಿದ್ದ. ಇಲ್ಲಿ ಬಾಗಿಲಿಂದ ಬಾಗಿಲಿಗೆ ಹರಟೆಯೂ ಹಾರಾಡಿತು. ಕದ್ದುಮುಚ್ಚಿ ಹೇಳುವುದೇನು, ಆ ದಿನಗಳಲ್ಲಿ ನಮಗೆ ಬಹಳ ಖುಷಿಯಾಗಿತ್ತು.

ಮೂರನೆಯ ದಿನವೋ ನಾಲ್ಕನೆಯ ದಿನವೋ ಒಬ್ಬ ಪೊಲೀಸ್ ಕಾನ್‌ಸ್ಟೇಬಲ್ ಬಂದು ಬೀದಿಯ ನಡುವೆ ನಿಂತ. ತಲೆಯ ಮೇಲೆ ಪ್ಯಾಂಟುಗಳು ಹಾರುತ್ತಿದ್ದುದನ್ನು ಕತ್ತು ತಿರುಗಿಸಿ ತಿರುಗಿಸಿ ನೋಡಿದ. ಏನೋ ನಡೆಯುತ್ತಿದೆ, ಏನೆಂದು ಹೇಳಲು ಮಾತ್ರ ಬರುತ್ತಿಲ್ಲ. ಪ್ರತಿ ಬಾಗಿಲಲ್ಲೂ ಇಣುಕಿ ತಲೆ ಎಣಿಸಿದ. ಎಲ್ಲ ಕಡೆ ನಾಲ್ಕೇ. ಕೊನೆಗೆ ನಮ್ಮ ಮನೆಯ ಹೊಸ್ತಿಲು ದಾಟಲು ಕಾಲೆತ್ತಿದಾಗ ಮಾಸ್ಟರು ಎದ್ದು ನಿಂತು ಕೈ ಮುಗಿದು ಹೇಳಿದರು: “ಒಳಗ ಬರಬ್ಯಾಡ್ರಿ ಸಾಹೇಬ್ರ. ನೀವು ಬಂದ್ರ ನಾವು ಐದು ಮಂದಿ ಆಗ್ತೀವಿ.”

ಅವನು ಎತ್ತಿದ ಕಾಲನ್ನು ಹಾಗೇ ಹಿಂದಕ್ಕಿಟ್ಟ. ಸಿಟ್ಟು ಬಂದಿರಬೇಕು, ಆದರೆ ನಗು ಅದಕ್ಕಿಂತ ಮೊದಲು ಬಂತು. ಹೊರಗೇ ನಿಂತು ಟೀ ಕುಡಿದು ಹೋದ.

ಇಂಥ ಹೊತ್ತಿನಲ್ಲಿ ನಮ್ಮ ಅಪ್ಪ ನನ್ನನ್ನು ನೋಡಲು ಹೊರಟ. ನಮ್ಮದು ಕಡಲೆಕಾಯಿ, ರಾಗಿ, ಅರ್ಧ ಎಕರೆ ಹಿಪ್ಪುನೇರಳೆ ಇದ್ದ ಮನೆ. ರೇಷ್ಮೆಹುಳ ಸಾಕುವವರಿಗೆ ಊರು ಬಿಡಲು ಸಿಗುವುದು ಗೂಡು ಮಾರಿದ ಮೇಲೆ, ಮುಂದಿನ ಹುಳ ತರುವ ಮೊದಲು. ಆ ಬಿಡುವಿನಲ್ಲಿ ಬರುತ್ತೇನೆ ಎಂದು ಫೋನಿನಲ್ಲಿ ಹೇಳಿದ. ಈಗ ಬೇಡ ಕಣಪ್ಪ, ಇಲ್ಲಿ ಕಳ್ಳರ ಗಲಾಟೆ ಎಂದರೆ, ನನ್ನನ್ನು ಯಾರು ಕದ್ದುಕೊಂಡು ಹೋಗಿ ಏನು ಮಾಡುತ್ತಾರೆ ಎಂದು ನಕ್ಕ. ಯಾವತ್ತು ಬರುತ್ತೀಯ ಎಂದು ಕೇಳಿದರೆ ಬಸ್ಸು ಸಿಕ್ಕ ದಿನ ಎಂದ. ಅಪ್ಪನಿಂದ ಇದಕ್ಕಿಂತ ನೆಟ್ಟಗಿನ ಉತ್ತರ ಯಾವತ್ತೂ ಬಂದದ್ದಿಲ್ಲ.

ಪಾವಗಡದಲ್ಲಿ ಒಂದು, ಕಲ್ಯಾಣದುರ್ಗದಲ್ಲಿ ಒಂದು ಬಸ್ಸು ಬದಲಿಸಿ ಅವನು ಬಂದು ಇಳಿದಾಗ ಶಾಲೆ ಬಿಡುವ ಹೊತ್ತು. ನಾವು ಈ ಬೀದಿಗೆ ಬಂದು ಸ್ವಲ್ಪ ದಿನವಾಗಿತ್ತಷ್ಟೆ, ಅವನಿಗೆ ಗೊತ್ತಿದ್ದದ್ದು ಯೂನಿಟ್ಟು ಮಾತ್ರ. ಯೂನಿಟ್ಟಿಗೆ ಬೀಗ, ಫೋನನ್ನು ಅವನು ಊರಲ್ಲೇ ಬಿಟ್ಟು ಬಂದಿದ್ದ. ಮುಂದಿನ ಕಟ್ಟೆಯ ಮೇಲೆ ಕೂತ. ನಮ್ಮ ಕಡೆ ಒಂದು ರೂಢಿಯಿದೆ. ಇನ್ನೊಂದೂರಿಗೆ ಹೋದರೆ ನೆಂಟರ ಮನೆಯ ಮಕ್ಕಳಿಗೆ ಮಾತ್ರ ತಿನ್ನಲು ಕೊಟ್ಟು ಸುಮ್ಮನಾಗುವ ಹಾಗಿಲ್ಲ. ಬೀದಿಯಲ್ಲಿ ಎದುರಾದ ಮಕ್ಕಳ ಕೈಗೆಲ್ಲ ಒಂದೊಂದು ಹಿಡಿ ಹುರಿದ ಕಡಲೆಕಾಯಿ ಹಾಕಿ, ಯಾರ ಮಗು, ಮನೆ ಯಾವುದು ಎಂದು ಮಾತಾಡಿಸಿಯೇ ನೆಂಟರ ಮನೆ ಸೇರಬೇಕು. ಹಾಗೆ ಮಾಡದವನನ್ನು ಜುಗ್ಗ ಎನ್ನುತ್ತಾರೆ. ಅಪ್ಪನಿಗೆ ಯಾವ ಹೆಸರು ಬಂದರೂ ಸಹಿಸಿಯಾನು, ಜುಗ್ಗ ಎಂಬ ಹೆಸರು ಮಾತ್ರ ಬೇಡ. ಶಾಲೆ ಬಿಟ್ಟು ಬರುತ್ತಿದ್ದ ಮಕ್ಕಳನ್ನೆಲ್ಲ ನಿಲ್ಲಿಸಿ, ಚೀಲಕ್ಕೆ ಕೈ ಹಾಕಿ, ಬೊಗಸೆ ತುಂಬ ಕೊಡುತ್ತ, ವಿಡಿಯೊದಲ್ಲಿ ಆ ಹೆಣ್ಣುದನಿ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಮಾಡಿದ.

ಓನರಮ್ಮ ಮಾಳಿಗೆಯ ಮೇಲೆ ಸಂಡಿಗೆ ತೆಗೆಯುತ್ತಿದ್ದರು, ಅಲ್ಲಿಗೆ ಯೂನಿಟ್ಟಿನ ಕಟ್ಟೆ ಕಾಣುತ್ತದೆ. ಅಲ್ಲಿಂದಲೇ ನೋಡಿದರು, ಅಲ್ಲಿಂದಲೇ ಫೋನ್ ಮಾಡಿದರು, ಆಮೇಲೆ ಇಳಿದು ಕಟ್ಟೆಯ ಕಡೆ ಓಡಿದರು.

ಸ್ವಲ್ಪ ಹೊತ್ತಿಗೆ ಅವರು ಏದುಸಿರು ಬಿಡುತ್ತ ನನ್ನ ಮಷೀನಿನ ಮುಂದೆ ಬಂದು ನಿಂತರು. ಒಬ್ಬ ಸಿಕ್ಕಿದ ಎಂದರು. ಗಂಡಸರು ಅಷ್ಟರಲ್ಲಿ ಸುತ್ತ ಸೇರುತ್ತಿದ್ದರಂತೆ, ಜೀಪು ಬಂದು ಎತ್ತಿಕೊಂಡು ಹೋಯಿತಂತೆ. ನೋಡಲು ಹೇಗಿದ್ದ ಎಂದು ನಾವೆಲ್ಲ ಆಸೆಯಿಂದ ಕೇಳಿದೆವು. ಒಣಕಲು ಆಳು, ಕಿವಿಗೆ ಒಂಟಿ, ಮಾತು ನಿನ್ನ ಕಡೆಯ ಹಾಗೆ ಎಂದರು. ಕೈಯಲ್ಲಿ ಜೀನ್ಸ್ ಬಟ್ಟೆಯ ಚೀಲ, ಅದಕ್ಕೆ ಪ್ಯಾಂಟಿನ ಹಿಂದಿನ ಜೇಬು ಎರಡು ಹಚ್ಚಿದ್ದಾರೆ, ಯಾರು ಹೊಲಿದರೋ ಏನೋ, ಅಂಥದ್ದನ್ನು ಎಲ್ಲೂ ನೋಡಿಲ್ಲ ಎಂದರು.

ಆ ಚೀಲ ಹೊಲಿದವಳು ನಾನು. ಉಳಿದ ತುಂಡುಗಳಲ್ಲಿ ಅಪ್ಪನಿಗೆಂದೇ ಹೊಲಿದದ್ದು. ಆಮೇಲೆ ನಾನು ಓನರಮ್ಮನಿಗೆ ಏನೇನೆಂದೆನೋ ನೆನಪಿಲ್ಲ. ಅವರ ಮುಖ ಬಿಳಿಚಿಕೊಂಡದ್ದು ಮಾತ್ರ ನೆನಪಿದೆ.

ಗಂಡನನ್ನು ಕರೆದುಕೊಂಡು ಸ್ಟೇಷನ್ನಿಗೆ ಓಡಿದೆ. ಅಪ್ಪನನ್ನು ಲಾಕಪ್ಪಿನಲ್ಲಿ ಹಾಕಿರಲಿಲ್ಲ, ಒಳಗಿನ ಕೋಣೆಯಲ್ಲಿ ಬೆಂಚಿನ ಮೇಲೆ ಕೂರಿಸಿದ್ದರು. ನನ್ನನ್ನು ಕಂಡವನೇ, ಬಾರವ್ವ, ಇಲ್ಲಿ ಟೀ ಚೆನ್ನಾಗಿ ಮಾಡುತ್ತಾರೆ ಎಂದ. ಅಂಗಿಯ ತೋಳು ಹರಿದಿತ್ತು. ಸೇರಿದ್ದವರಲ್ಲಿ ಯಾರೋ ಕೈ ಹಾಕಿ ಎಳೆದಿರಬೇಕು. ನಾನು ಅದನ್ನು ನೋಡಿದ್ದನ್ನು ನೋಡಿ, ಹಳೇ ಅಂಗಿ ಎಂದ.

ಎಸ್‌ಐ ತೆಲುಗಿನವರು, ಸಣ್ಣ ವಯಸ್ಸು, ನಿದ್ದೆ ಕೆಟ್ಟ ಕಣ್ಣು. ಇವನು ನನ್ನ ಅಪ್ಪ, ಕಳಿಸಿಕೊಡಿ ಎಂದೆ. ಆಧಾರ್ ಕಾರ್ಡ್ ತಂದಿಲ್ಲ, ಮಡಕಶಿರದಿಂದ ವಿಚಾರಣೆ ಆಗಿ ಬರಲಿ, ಎರಡು ಮೂರು ದಿನ ಇರಲಿ ಎಂದರು. ಕಾರ್ಡು ಕಳೆದೀತೆಂದು ಅಪ್ಪ ಅದನ್ನು ಮನೆಯಲ್ಲಿ ಪೆಟ್ಟಿಗೆಯೊಳಗೆ ಇಟ್ಟು ಬಂದಿದ್ದ. ಹಾಗಾದರೆ ಅರೆಸ್ಟ್ ಮಾಡಿದ್ದೀರಾ ಎಂದು ಕೇಳಿದೆ. ಇಲ್ಲಮ್ಮ, ಯಾಕೆ ಅರೆಸ್ಟ್ ಮಾಡಲಿ, ಏನೂ ತಪ್ಪು ಮಾಡಿಲ್ಲವಲ್ಲ ಎಂದರು. ಹಾಗಾದರೆ ಬಿಡಿ ಎಂದೆ. ಬಿಡುವ ಹಾಗಿಲ್ಲ ಎಂದರು. ಹಾಗಾದರೆ ಇದು ಏನು ಎಂದು ಕೇಳಿದರೆ, ಕಾಪಾಡುತ್ತಿದ್ದೇವೆ ಎಂದರು.

ನನಗೆ ಮೈಯೆಲ್ಲ ಉರಿಯಿತು. ಆದರೆ ಅವರು ಸುಳ್ಳು ಹೇಳುತ್ತಿರಲಿಲ್ಲ. ಆ ಕಂಬಳಿಯವನನ್ನು ಆಸ್ಪತ್ರೆಗೆ ಎತ್ತಿಕೊಂಡು ಹೋದದ್ದು ಇವರೇ ಅಂತೆ. ಒಳಗಿಟ್ಟುಕೊಂಡ ಮನುಷ್ಯನಿಗೆ ನಾಳೆ ಕ್ಷಮೆ ಕೇಳಬಹುದು, ಹೊರಗೆ ಸತ್ತವನಿಗೆ ಏನು ಕೇಳಲಿ ಎಂದರು. ಆದರೆ ಕೋಣೆಯ ಬಾಗಿಲಲ್ಲಿ ಕಾನ್‌ಸ್ಟೇಬಲ್ ನಿಂತಿದ್ದದ್ದು ಹೊರಗಿನವರು ಒಳಗೆ ಬಾರದಂತೆ ಅಲ್ಲ, ಅಪ್ಪ ಹೊರಗೆ ಹೋಗದಂತೆ. ಬಚ್ಚಲಿಗೆ ಹೋಗಬೇಕಾದರೂ ಅಪ್ಪ ಕೇಳಿಕೊಂಡು ಹೋಗುತ್ತಿದ್ದ. ಯಾರ ಅಪ್ಪಣೆಗೂ ಕಾಯದೆ ಬದುಕಿದವನು ಕೈ ಎತ್ತಿ ಬಚ್ಚಲಿಗೆ ಹೋಗುವುದನ್ನು ನೋಡಿ ನನಗೆ ಅಳು ತಡೆಯಲಾಗಲಿಲ್ಲ.

ಆ ರಾತ್ರಿ ಅಪ್ಪ ಅಲ್ಲೇ ಇದ್ದ. ನಾನು ಮುದ್ದೆ ಮಾಡಿ ಕಳಿಸಿದೆ, ಡಬ್ಬಿ ಖಾಲಿಯಾಗಿ ವಾಪಸ್ ಬಂತು.

ಬೆಳಿಗ್ಗೆ ನೋಡಿದರೆ ಇಡೀ ಬೀದಿ ಎದ್ದು ನಿಂತಿದೆ. ಮಷೀನಿನ ಸದ್ದಿಲ್ಲ. ಎಲ್ಲರೂ ಸ್ಟೇಷನ್ನಿಗೆ ಹೊರಟು ನಿಂತವರೇ. ನನ್ನ ಗಂಡ ಗಾಬರಿಯಾದರು. ಇಷ್ಟು ಜನ ಒಟ್ಟಿಗೆ ಹೋದರೆ ಮಾವನ ಜೊತೆ ನಮ್ಮೆಲ್ಲರನ್ನೂ ಕಾಪಾಡುತ್ತಾರೆ ಎಂದರು. ಆಗ ಮಾಸ್ಟರು ಕಿವಿಯ ಹಿಂದಿನ ಸೀಮೆಸುಣ್ಣ ತೆಗೆದು, ಕಟ್ಟು ಹಂಚುವವರ ಹಾಗೆ ಜನರನ್ನು ಹಂಚಿದರು. ಜೇಬಿನವರು ಮೊದಲು, ಜಿಪ್ಪಿನವರು ಆಮೇಲೆ, ಕಾಲಿನವರು ಅದರ ಹಿಂದೆ. ಒಂದು ನಾಲ್ವರಿಗೂ ಇನ್ನೊಂದು ನಾಲ್ವರಿಗೂ ನಡುವೆ ಒಂದು ಕರೆಂಟ್ ಕಂಬದಷ್ಟು ದೂರ. ಮುಂದಿನವರು ಸ್ಟೇಷನ್ನಿನಿಂದ ಹೊರಗೆ ಬಂದ ಮೇಲೇ ಹಿಂದಿನವರು ಒಳಗೆ. ಒಬ್ಬರ ಕೆಲಸ ಇನ್ನೊಬ್ಬರು ಮಾಡಬಾರದು, ಎಲ್ಲರೂ ಒಂದೊಂದೇ ಮಾತು ಹೇಳಿ ಬನ್ನಿ ಎಂದರು.

ಹೀಗೆ ನಾವು ಬಜಾರಿನ ನಡುವೆ ನಾಲ್ಕು ನಾಲ್ಕು ಜನವಾಗಿ ನಡೆದೆವು. ನೋಡಿದವರಿಗೆ ಯಾವುದೋ ಪೆರೇಡು ಎನ್ನಿಸಿರಬೇಕು. ಜೇಬಿನವರು ಹೋಗಿ, ಆತ ನಮ್ಮ ಹುಡುಗಿಯ ತಂದೆ ಎಂದು ಹೇಳಿ ಬಂದೆವು. ಜಿಪ್ಪಿನವರು ಹೋಗಿ, ಆತನ ಚೀಲ ಹೊಲಿದದ್ದು ನಮ್ಮ ಬೀದಿಯಲ್ಲೇ ಎಂದು ಹೇಳಿ ಬಂದರು. ಕಾಲು ಕೂಡಿಸುವವರು ಏನು ಹೇಳಬೇಕೆಂದು ಮರೆತು, ನಮಸ್ಕಾರ ಹೇಳಿ ಬಂದರು. ಎಸ್‌ಐ ಮೊದಲು ಸಮಾಧಾನವಾಗಿ ಕೇಳಿದರಂತೆ, ಆಮೇಲೆ ಗದರಿದರಂತೆ, ಆಮೇಲೆ ಕಿಟಕಿಯಿಂದ ಹೊರಗೆ ಇಣುಕಿ, ಕಂಬಕ್ಕೊಂದರಂತೆ ನಿಂತಿದ್ದ ಜನರನ್ನು ಕಂಡು ತಲೆ ಹಿಡಿದುಕೊಂಡು ಕೂತರಂತೆ. ನಮ್ಮ ಬೀದಿಗೆ ಬಂದಿದ್ದ ಕಾನ್‌ಸ್ಟೇಬಲ್ ಅವರ ಕಿವಿಯಲ್ಲಿ, ಎಣಿಸಿದ್ದೇನೆ ಸಾರ್, ಎಲ್ಲೂ ಐದಿಲ್ಲ ಎಂದನಂತೆ. ಒಳಗಿನ ಕೋಣೆಯಿಂದ ಅಪ್ಪ ಬಂದವರಿಗೆಲ್ಲ ಕೈ ಬೀಸುತ್ತಿದ್ದ.

ಓನರಮ್ಮ ಕಾಜಾದವರ ಜೊತೆ ಬಂದರು. ನಿನ್ನೆಯಿಂದ ಅವರು ನನ್ನ ಜೊತೆ ಮಾತಾಡಿರಲಿಲ್ಲ, ನಾನೂ ಆಡಿಸಿರಲಿಲ್ಲ. ಅವರು ಒಳಗೆ ಹೋದಾಗ ಗಂಡನ ಜೊತೆ ಬಾಗಿಲ ಪಕ್ಕ ನಿಂತಿದ್ದ ನಾನು ಎಲ್ಲ ಕೇಳಿಸಿಕೊಂಡೆ. ನಿನ್ನೆ ಫೋನ್ ಮಾಡಿದವಳು ತಾನೇ ಎಂದು ಮೊದಲು ಹೇಳಿದರು. ಒಳ್ಳೆಯ ಕೆಲಸ ಮಾಡಿದಿರಿ, ಎಲ್ಲರೂ ಹಾಗೇ ಮಾಡಬೇಕು ಎಂದರು ಎಸ್‌ಐ. ಅದಕ್ಕೆ ಓನರಮ್ಮ ಸೆರಗು ಹೊದ್ದುಕೊಂಡು ನಿಧಾನವಾಗಿ ಹೇಳಿದರು:

“ಹೆದರಿದಾಕಿ ನಾನು ಸಾಹೇಬ್ರ. ಒಳಗ ಕುಂತಾರ ಅವರು. ಇದು ಹೆಂಗ್ ಸರಿ ಆಗ್ತದ್ರಿ?”

ಬೇಕಿದ್ದರೆ ತನ್ನನ್ನು ಎರಡು ದಿನ ಕೂರಿಸಿಕೊಳ್ಳಿ, ಹೆದರಿಕೆ ಇಳಿಯುವವರೆಗೆ ಇರುತ್ತೇನೆ ಎಂದೂ ಓನರಮ್ಮ ಸೇರಿಸಿದರು. ಅವರು ಅದನ್ನು ತಮಾಷೆಗೆ ಹೇಳಿದ್ದಲ್ಲ. ಎಸ್‌ಐ ಎದ್ದು ಒಳಗಿನ ಕೋಣೆಗೆ ಹೋಗಿ, ತಾವೇ ಅಪ್ಪನ ಚೀಲ ಕೈಯಲ್ಲಿ ಹಿಡಿದುಕೊಂಡು ಬಂದರು. ಆದರೆ ಒಂದು ಮಾತು ಎಂದರು. ಹಿಂದಿನ ಬಾಗಿಲಿಗೆ ಜೀಪು ತರಿಸುತ್ತೇನೆ, ನೇರ ಬಸ್‌ಸ್ಟ್ಯಾಂಡಿಗೆ ಬಿಡುತ್ತೇವೆ, ಇವತ್ತೇ ಊರಿಗೆ ಹೋಗಲಿ, ಗಲಾಟೆ ಇಳಿದ ಮೇಲೆ ಬರಲಿ. ಅವರ ದನಿಯಲ್ಲಿ ನಿಜವಾದ ಕಾಳಜಿಯಿತ್ತು. ನನ್ನ ಗಂಡ ಆಗಲೇ ತಲೆಯಾಡಿಸಿದ್ದರು. ನಾನೂ ಬಾಯಿ ತೆರೆದು ಹೂಂ ಎನ್ನುವವಳಿದ್ದೆ. ಅಪ್ಪ ಕ್ಷೇಮವಾಗಿ ಊರು ಸೇರಿದರೆ ಸಾಕಾಗಿತ್ತು ನನಗೆ.

ಅಪ್ಪ ಚೀಲ ಹೆಗಲಿಗೆ ಹಾಕಿಕೊಂಡು, ನಿಮ್ಮ ಉಪಕಾರ ಮರೆಯುವುದಿಲ್ಲ ಸ್ವಾಮಿ, ಆದರೆ ಮುಂದಿನ ಬಾಗಿಲಲ್ಲಿ ನಡೆದುಕೊಂಡೇ ಹೋಗುತ್ತೇನೆ ಎಂದ. ಏನಾದರೂ ಆದರೆ ಎಂದು ಎಸ್‌ಐ ಕೇಳಿದರು. ಏನಾದರೂ ಆಗಬಾರದೆಂದೇ ಅಲ್ಲವೆ ನೀವಿರುವುದು ಎಂದ ಅಪ್ಪ. ಎಸ್‌ಐ ಅಪ್ಪನ ಮುಖ ನೋಡಿದರು, ಬಾಗಿಲ ಬಳಿಯ ಕಾನ್‌ಸ್ಟೇಬಲ್‌ನ ಮುಖ ನೋಡಿದರು, ಕೊನೆಗೆ ದಾರಿ ಬಿಟ್ಟರು. ಆ ಕಾನ್‌ಸ್ಟೇಬಲ್‌ಗೆ ಟೋಪಿ ಹಾಕಿಕೊಂಡು ಸ್ವಲ್ಪ ಹಿಂದೆ ಹಿಂದೆ ಹೋಗು ಎಂದರು. ಅಪ್ಪನಿಗೆ ಕೇಳಿಸದ ಹಾಗೆ ಹೇಳಿದರು, ನನಗೆ ಕೇಳಿಸಿತು.

ಬಜಾರಿನಲ್ಲಿ ಅಂಗಡಿಯವರು ಕೆಲಸ ಬಿಟ್ಟು ನೋಡಿದರು. ಇವನೇ ನಿನ್ನೆಯವನು ಎಂದು ಯಾರೋ ಅಂದದ್ದು ಕಿವಿಗೆ ಬಿತ್ತು. ಅಪ್ಪನ ಒಂದು ಪಕ್ಕ ನಾನು, ಇನ್ನೊಂದು ಪಕ್ಕ ಓನರಮ್ಮ, ನನ್ನ ಆಚೆ ನನ್ನ ಗಂಡ. ಮುಂದೆ ಜೇಬಿನವರು, ಹಿಂದೆ ಜಿಪ್ಪಿನವರು. ಓನರಮ್ಮ ಎದುರಾದವರಿಗೆಲ್ಲ, ಯಾರೂ ಕೇಳದಿದ್ದರೂ, ನಮ್ಮ ಬೀಗರು ಬಂದಾರ ಎಂದು ಹೇಳುತ್ತ ನಡೆದರು. ಅಪ್ಪ ಸಿಕ್ಕಿದ ಅಂಗಡಿಗಳನ್ನೆಲ್ಲ ನೋಡುತ್ತ, ಹೂವಿನ ದರ ವಿಚಾರಿಸುತ್ತ, ಸಂತೆಗೆ ಬಂದವನ ಹಾಗೆ ಬರುತ್ತಿದ್ದ. ನಿನ್ನೆಯಿಂದಲೂ ಹೀಗೇ ನಗುನಗುತ್ತಲೇ ಇದ್ದನಲ್ಲ, ಇವನಿಗೆ ಹೆದರಿಕೆ ಎಂಬುದೇ ಇಲ್ಲವೆ ಎಂದುಕೊಂಡು ಅವನ ಕೈ ಹಿಡಿದೆ. ಅಂಗೈ ಒದ್ದೆಯಾಗಿತ್ತು.

ಜೀಪಿನಲ್ಲೇ ಹೋಗಬಹುದಿತ್ತಲ್ಲ ಕಣಪ್ಪ ಎಂದೆ. ಮೊದಲ ಸಲ ಅಪ್ಪನ ಮುಖದಿಂದ ನಗು ಇಳಿಯಿತು. ನಡೆಯುವುದನ್ನು ನಿಲ್ಲಿಸಲಿಲ್ಲ, ನನ್ನ ಕೈಯನ್ನೂ ಬಿಡಲಿಲ್ಲ.

“ಇವತ್ತು ಹಿಂದಿನ ಬಾಗ್ಲಲ್ಲಿ ಹೊಂಟೋದ್ರೆ, ನಿನ್ ಊರಿಗೆ ಮತ್ತೆ ಬರಾಕೆ ನಂಗೆ ಧೈರ್ಯ ಸಾಲಾಕಿಲ್ಲ ಕಣವ್ವ,” ಎಂದ. “ಮಗಳನ್ನ ನೋಡ್ದಂಗೆ ಇರಾಕಾಯ್ತದಾ?”